ಯಲಿಗಾರ ತೋಳು

ಹಸೀನಾ ನದಾಫ ತನ್ನ ಎಡಗೈಯನ್ನು ಆಕಳ ಹಿಂದಿನಿಂದ ಒಳಗೆ ತೋಳಿನ ತನಕ ತೂರಿಸಿ, ಕೆನ್ನೆಯನ್ನು ಅದರ ಚಪ್ಪೆಗೆ ಆನಿಸಿ, ಕಣ್ಣು ಮುಚ್ಚಿ ನಿಂತಿದ್ದಳು. ಪಶುವೈದ್ಯ ಕಾಲೇಜಿನ ಹಿತ್ತಿಲಲ್ಲಿ, ಬೇವಿನ ಗಿಡದ ಕೆಳಗೆ, ಪೈಪು ಬೆಸೆದು ಮಾಡಿದ ಕಟಾಂಜನದೊಳಗೆ ಆ ಆಕಳು ಬಾಲ ಬೀಸುವುದಕ್ಕೂ ಬೇಸರಪಟ್ಟು ನಿಂತಿತ್ತು. ಕೊನೆಯ ವರ್ಷದ ಹುಡುಗ ಹುಡುಗಿಯರು ಸುತ್ತ ನೆರೆದು ಗಡಿಯಾರ ನೋಡುತ್ತಿದ್ದರು.

"ನಾಲ್ಕು ತಿಂಗಳು ಹತ್ತು ದಿನ," ಅಂದಳು ಹಸೀನಾ, ಕಣ್ಣು ತೆರೆದು. "ಕರು ಬಲಗಡೆ ಐತಿ ಸರ್. ಚಲೋ ಐತಿ."

"ಮೂವತ್ತೆಂಟು ಸೆಕೆಂಡು!" ಎಂದು ಗುಂಪಿನಲ್ಲಿ ಒಬ್ಬ ಕೂಗಿದ. "ಹಸೀನಾ, ಹಾಲಿನ ಕಂಪನಿಯವರು ನಿನ್ನ ಆಕಳ ಸಮೇತ ಎತ್ತಿಕೊಂಡು ಹೋಗ್ತಾರ ನೋಡು!"

ಎಲ್ಲರೂ ನಕ್ಕರು. ಗಿಡದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಹಾ ಹಿಡಿದು ಕುಳಿತಿದ್ದ ಡಾಕ್ಟರ್ ಚನ್ನಬಸಪ್ಪ ಯಲಿಗಾರ ಮಾತ್ರ ನಗಲಿಲ್ಲ. ಕೈ ಹೊರಗೆ ತೆಗೆಯುವ ಮುಂಚೆ ಒಂದು ಗಳಿಗೆ ಆ ಹುಡುಗಿಯ ಮೊಳಕೈ ಒಳಮುಖವಾಗಿ ಮಡಚಿಕೊಂಡದ್ದನ್ನೂ, ಹೆಗಲು ಸ್ವಲ್ಪ ಇಳಿದದ್ದನ್ನೂ ಅವನು ಕಂಡಿದ್ದ. ಎದುರಿಗೆ ಬೇಡದವರು ಬಂದಾಗ ಮನುಷ್ಯ ದಾರಿ ಬಿಟ್ಟು ಪಕ್ಕದ ಓಣಿಗೆ ಹೊರಳಿದಂತಿತ್ತು ಅದು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ, ಗಮನಿಸುವಂಥದೂ ಅಲ್ಲ. ಆದರೆ ಚನ್ನಬಸಪ್ಪ ಚಹಾದ ಲೋಟವನ್ನು ಕೆಳಗಿಟ್ಟ. ಆ ಹೊರಳು ತನ್ನದು. ಹತ್ತೊಂಬತ್ತು ವರ್ಷಗಳಿಂದ ತನ್ನ ಕೈ ಹೊರಳುತ್ತಿದ್ದ ಜಾಗದಲ್ಲೇ, ತನ್ನ ಹಾಗೆಯೇ, ಈ ಹುಡುಗಿಯ ಕೈ ಹೊರಳಿತ್ತು.

ಆ ಕಾಲೇಜಿನಲ್ಲಿ ಹಿರಿಯರ ಶನಿವಾರ ಅಂತ ಒಂದು ಪದ್ಧತಿ ಮೊದಲಿನಿಂದಲೂ ನಡೆದು ಬಂದಿತ್ತು. ಹಿಂದೆ ಓದಿ ಹೋದವರು ಬಂದು, ಕೊನೆಯ ವರ್ಷದವರಿಗೆ ನೌಕರಿ ಹೇಗೆ ಹಿಡಿಯಬೇಕು, ಹಿಡಿದ ಮೇಲೆ ಹಳ್ಳಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಹೇಳಿ, ಉಂಡು ಹೋಗುತ್ತಿದ್ದರು. ಹುಡುಗರು ಹಿಂದಿನ ಸಾಲಿನಲ್ಲಿ ಕುಳಿತು ಆಕಳಿಸುತ್ತಿದ್ದರು. ಮೂರು ವರ್ಷದ ಕೆಳಗೆ ಅನಸೂಯಾ ಕಟ್ಟೀಮನಿ ಆ ಮಾತುಗಳಿಗೆಲ್ಲ ಮಂಗಳ ಹಾಡಿದಳು. ಚನ್ನಬಸಪ್ಪನ ಜೊತೆಗೇ ಓದಿದವಳು, ನರಗಳ ವಿಷಯದಲ್ಲಿ ದೊಡ್ಡ ಸಂಶೋಧನೆ ಮಾಡಿ ಅದೇ ಕಾಲೇಜಿಗೆ ಮರಳಿ ಬಂದವಳು. ಅವಳು ತಯಾರಿಸಿದ್ದು ಒಂದು ತೋಳುಚೀಲ. ತೆಳ್ಳಗಿನ ರಬ್ಬರಿನ ಬಟ್ಟೆ, ಅದರ ತುಂಬ ಕೂದಲಿನಂಥ ತಂತಿ, ಕುತ್ತಿಗೆಯ ಹಿಂದೆ ಕಟ್ಟಿಕೊಳ್ಳುವ ಒಂದು ಪಟ್ಟಿ. ಅನುಭವಸ್ಥ ವೈದ್ಯ ಅದನ್ನು ತೊಟ್ಟು ಆಕಳುಗಳನ್ನು ಪರೀಕ್ಷೆ ಮಾಡಿದರೆ ಅವನ ನರಗಳಲ್ಲಿ ಹರಿದ ಸಣ್ಣ ಸಣ್ಣ ವಿದ್ಯುತ್ತನ್ನೆಲ್ಲ ಚೀಲ ಹಿಡಿದಿಟ್ಟುಕೊಳ್ಳುತ್ತಿತ್ತು. ಬೆರಳು ಏನನ್ನು ಮುಟ್ಟಿತು ಅನ್ನುವುದಷ್ಟೇ ಅಲ್ಲ, ಮುಟ್ಟಿದ್ದನ್ನು ಏನೆಂದು ತಿಳಿಯಿತು ಅನ್ನುವುದನ್ನೂ. ಆಮೇಲೆ ಅದನ್ನೇ ವಿದ್ಯಾರ್ಥಿ ತೊಟ್ಟು ಕೈ ಹಾಕಿದರೆ ಚೀಲ ಆ ವಿದ್ಯುತ್ತನ್ನು ಅವನ ನರಕ್ಕೆ ಮರಳಿ ಕೊಡುತ್ತಿತ್ತು. ಇಪ್ಪತ್ತೊಂದು ದಿನ ಹೀಗೆ ಮಾಡಿದರೆ ಸಾಕು, ಚೀಲ ಕಳಚಿದ ಮೇಲೂ ಕೈಗೆ ಗೊತ್ತಿರುತ್ತಿತ್ತು. ಇಪ್ಪತ್ತು ವರ್ಷದ ಅನುಭವ ಇಪ್ಪತ್ತೊಂದು ದಿನಕ್ಕೆ. ಸ್ಕ್ಯಾನಿಂಗ್ ಯಂತ್ರ ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗುವುದಕ್ಕಿಂತ ಕೈ ಅಗ್ಗ ಅಂತ ಹಾಲಿನ ಕಂಪನಿಯೂ ಲೆಕ್ಕ ಹಾಕಿತು.

ಹನ್ನೆರಡು ಮಂದಿ ಹಿರಿಯರು ತೋಳು ಕೊಟ್ಟಿದ್ದರು. ಮೊದಲ ವರ್ಷ ಹುಡುಗರು ತಮಗೆ ಬೇಕಾದವರ ತೋಳು ಆರಿಸಿಕೊಂಡರು. ಕಂಪನಿಯ ಪರೀಕ್ಷೆಯಲ್ಲಿ ಚನ್ನಬಸಪ್ಪನ ತೋಳು ತೊಟ್ಟವರು ನೂರಕ್ಕೆ ತೊಂಬತ್ತೆಂಟು ಸಲ ಗಬ್ಬವೋ ಅಲ್ಲವೋ, ಎಷ್ಟು ದಿನದ್ದು ಅಂತ ಸರಿಯಾಗಿ ಹೇಳಿದರು, ಅದೂ ನಲವತ್ತು ಸೆಕೆಂಡಿನೊಳಗೆ. ನೌಕರಿ ಅವರಿಗೇ ಸಿಕ್ಕವು. ಮರು ವರ್ಷದಿಂದ ಉಳಿದ ಹನ್ನೊಂದು ತೋಳುಗಳನ್ನು ಯಾರೂ ಮುಟ್ಟಲಿಲ್ಲ. ಅವು ಕಪಾಟಿನಲ್ಲಿ ಮಡಚಿ ಬಿದ್ದವು. 'ಯಲಿಗಾರ ತೋಳು' ಅನ್ನುವುದು ಗೋದಿಯ ತಳಿಯ ಹೆಸರಿನಂತಾಯಿತು. ಈ ವರ್ಷದ ನಲವತ್ತೆರಡು ಮಂದಿಯೂ ಅದನ್ನೇ ತೊಟ್ಟಿದ್ದರು.

ಹತ್ತೊಂಬತ್ತು ವರ್ಷದ ಕೆಳಗೆ ಕರೇಕೊಪ್ಪದಲ್ಲಿ ನಡೆದದ್ದನ್ನು ಚನ್ನಬಸಪ್ಪ ಯಾರಿಗೂ ಹೇಳಿರಲಿಲ್ಲ. ಅಕ್ಕ ನೀಲವ್ವನನ್ನು ಕೊಟ್ಟ ಊರು ಅದು. ಅವಳ ಮನೆಯಲ್ಲಿ ಆರು ಆಕಳು. ಊರಿಗೆಲ್ಲ ಹೆಚ್ಚು ಹಾಲು ಹಾಕುವ ಮನೆಯೆಂದು ಅವಳಿಗೆ ಹೆಮ್ಮೆ. ತಮ್ಮ ಬಂದಿದ್ದಾನೆ, ಕೈ ಹಾಕಿ ನೋಡಲಿ ಅಂತ ಅವಳೇ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಮೂರನೆಯ ಆಕಳಲ್ಲಿ, ಗರ್ಭದ ಚೀಲದಾಚೆ, ಸೊಂಟದ ಎಲುಬಿನ ಒಳಗೋಡೆಗೆ ಅಂಟಿಕೊಂಡು ಒಂದು ಗಂಟು ಸಿಕ್ಕಿತು. ಗಟ್ಟಿ, ಅಲುಗದ ಗಂಟು. ನಾಲ್ಕನೆಯದರಲ್ಲೂ ಸಿಕ್ಕಿತು. ಐದನೆಯದರಲ್ಲೂ.

ದನಕ್ಕೆ ಬರುವ ಕ್ಷಯ ಅದು. ಮೈಮೇಲೆ ಏನೂ ಕಾಣದು. ದನ ನಿಧಾನಕ್ಕೆ ಸೊರಗುತ್ತದೆ, ಹಾಲಿನಲ್ಲಿ ರೋಗ ಇಳಿದು ಹೋಗುತ್ತದೆ. ಕುತ್ತಿಗೆಗೆ ಇಂಜೆಕ್ಷನ್ ಹಾಕಿ ಖಾತ್ರಿ ಮಾಡಿಕೊಳ್ಳಬಹುದು. ಆದರೆ ಸಾವಿರಾರು ದನಕ್ಕೆ ಯಾರೂ ಸುಮ್ಮನೆ ಇಂಜೆಕ್ಷನ್ ಹಾಕುತ್ತ ತಿರುಗುವುದಿಲ್ಲ. ಮೊದಲು ಯಾವನಾದರೂ ವೈದ್ಯನ ಕೈಗೆ ಅನುಮಾನ ಬರಬೇಕು, ಅವನು ಬರೆದು ಕೊಡಬೇಕು. ಬರೆದರೆ ದನಗಳನ್ನು ಬೇರೆ ಮಾಡುತ್ತಾರೆ, ಆ ಮನೆಯ ಹಾಲನ್ನು ಯಾರೂ ಮುಟ್ಟುವುದಿಲ್ಲ, ಊರಿನಲ್ಲಿ ಆ ಮನೆಯ ಕಟ್ಟೆಗೂ ಕೂಡುವವರಿಲ್ಲ.

"ಏನಾತೋ ತಮ್ಮಾ? ಮುಖ ಯಾಕ ಹಂಗ ಮಾಡಿದಿ?" ಎಂದು ನೀಲವ್ವ ಬಿಸಿನೀರಿನ ತಂಬಿಗೆ, ಸಬಕಾರ ಹಿಡಿದು ಕೇಳಿದಳು.

"ಏನಿಲ್ಲಕ್ಕ. ಮೂರು ಗಬ್ಬ ಅದಾವ," ಅಂದ ಚನ್ನಬಸಪ್ಪ.

ಕೈ ತೊಳೆದುಕೊಂಡು ಅಕ್ಕ ಮಾಡಿದ ಹೋಳಿಗೆ ಉಂಡ. ಮರುದಿನ ಬೇರೆ ಊರಿನಲ್ಲಿ ಬೇರೆ ಆಕಳಿಗೆ ಕೈ ಹಾಕಿದಾಗ ಗರ್ಭದ ಚೀಲ ಮುಗಿದ ಮೇಲೆ ಕೈ ಆ ಗೋಡೆಯ ಕಡೆಗೆ ಹೋಗಲಿಲ್ಲ. ತಾನಾಗೇ ಹೊರಳಿ ಬಂತು. ಒಂದು ತಿಂಗಳು ಅವನಿಗೆ ಅದು ಗೊತ್ತಾಗುತ್ತಿತ್ತು. ಆಮೇಲೆ ಗೊತ್ತಾಗುವುದೂ ನಿಂತಿತು. ಗಬ್ಬ ಹೇಳುವುದಕ್ಕೆ ಆ ಗೋಡೆಯೇನೂ ಬೇಕಾಗಿರಲಿಲ್ಲ. ಎರಡು ವರ್ಷದ ಮೇಲೆ ನೀಲವ್ವನ ಗಂಡ ಕೆಮ್ಮಿ ಕೆಮ್ಮಿ ಸತ್ತ. ಬೀಡಿಯಿಂದ ಆತು ಅಂತ ಊರವರೆಲ್ಲ ಅಂದರು. ಚನ್ನಬಸಪ್ಪನೂ ಬೀಡಿ ಅಂತಲೇ ಅಂದ.

ಆ ಶನಿವಾರ ಮನೆಗೆ ಬಂದವನು ಊಟಕ್ಕೆ ಕುಳಿತು ರೊಟ್ಟಿ ಮುರಿಯುತ್ತ ತನ್ನ ಎಡಗೈಯನ್ನೇ ನೋಡತೊಡಗಿದ. ಹೆಂಡತಿ ಶಕುಂತಲಾ ಪುಂಡಿಪಲ್ಯ ಬಡಿಸುತ್ತ, "ಅದರ ಮಾರಿ ನೋಡಿದ್ರ ಹೊಟ್ಟಿ ತುಂಬತೈತೇನು?" ಅಂದಳು. "ಮುಂದಿನ ತಿಂಗಳು ಕಾಲೇಜಿನ್ಯಾಗ ನಿಮ್ಮ ಕೈಗೆ ಸನ್ಮಾನ ಅಂತಲ್ಲ. ಕೈಗೆ ಒಂದು ಶಾಲು, ಉಳಿದ ಮೈಗೆ ಏನೂ ಇಲ್ಲೇನ್ರಿ?"

"ಶಕುಂತಲಾ, ನಮ್ಮ ಭಾವ ಯಾತರಿಂದ ಸತ್ತ?"

ಅವಳು ಸೌಟು ಪಾತ್ರೆಯೊಳಗೆ ಬಿಟ್ಟು ಎದುರಿಗೆ ಕುಳಿತಳು. "ಇಷ್ಟು ವರ್ಷದ ಮ್ಯಾಲ ಇದೇನು?"

"ಸುಮ್ಮನ ಕೇಳಿದೆ."

"ನೀಲವ್ವಕ್ಕನ ಆಕಳೂ ಅದೇ ಸುಮಾರಿಗೆ ಒಂದೊಂದ ಸೊರಗಿ ಸತ್ತವು. ನಾನು ಆಗ ನಿಮ್ಗ ಅಂದಿದ್ದೆ, ಮನುಷ್ಯಾ, ದನಾ ಎಲ್ಲಾ ಕೂಡೇ ಹೆಂಗ ಸೊರಗತಾರ, ಒಂದಿಷ್ಟು ನೋಡ್ರಿ ಅಂತ. ನೀವು ಉಣ್ಣೂದ ಬಿಟ್ಟು ಎದ್ದು ಹೋದ್ರಿ. ಅಲ್ಲಿಂದ ಮುಂದ ನಾನು ಕೇಳಿಲ್ಲ." ಅವಳು ಅವನ ಮುಖವನ್ನೇ ನೋಡಿದಳು. "ಈಗೂ ಎದ್ದು ಹೋಗ್ತೀರೇನು?"

ಚನ್ನಬಸಪ್ಪ ಏಳಲಿಲ್ಲ. ಮುರಿದ ರೊಟ್ಟಿಯನ್ನು ತಾಟಿನಲ್ಲಿ ಮರಳಿ ಇಟ್ಟ.

ಸೋಮವಾರ ಬೆಳಗ್ಗೆ ಅವನು ಅನಸೂಯಾಳ ಪ್ರಯೋಗಾಲಯಕ್ಕೆ ಹೋದ. ತಂಪು ಕೋಣೆ, ಗೋಡೆಯ ತುಂಬ ಪರದೆಗಳು, ಮೂಲೆಯಲ್ಲಿ ರಬ್ಬರಿನ ತೋಳುಗಳು ತೋರಣದಂತೆ ಜೋತುಬಿದ್ದಿದ್ದವು. ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದ.

ಅನಸೂಯಾ ಪರದೆಯ ಮೇಲೆ ಹನ್ನೆರಡು ಗೆರೆಗಳನ್ನು ಎಳೆದು ತಂದಳು. ಹನ್ನೆರಡು ಹಿರಿಯರ ಕೈ ಆಕಳೊಳಗೆ ಓಡಾಡಿದ ದಾರಿ. ಹನ್ನೊಂದು ಗೆರೆಗಳು ಎಲುಬಿನ ಗೋಡೆಯ ಮೂಲೆಗೆ ಬಂದು ಅಲ್ಲಿ ಒಂದೂವರೆ ಸೆಕೆಂಡು ತಡಕಾಡಿ ಮುಂದೆ ಹೋಗಿದ್ದವು. ಹನ್ನೆರಡನೆಯದು ಅಲ್ಲಿಗೆ ಬರುವ ಮೊದಲೇ ನುಣ್ಣಗೆ ಬಳುಕಿ ತಿರುಗಿತ್ತು.

"ಇದನ್ನ ನಾನು ನೋಡಿದ್ದೆ ಚನ್ನಬಸು," ಅಂದಳು. "ನೀನು ಜಾಣ ಅಂತ ತಿಳಕೊಂಡೆ. ಬ್ಯಾಡಾದ ಕಡೆ ಹೋಗದ, ಒಂದೂವರೆ ಸೆಕೆಂಡು ಉಳಸ್ತಾನ ಅಂತ. ಪರೀಕ್ಷಾದಾಗ ನಿನ್ನ ತೋಳು ಗೆದ್ದದ್ದ ಆ ಒಂದೂವರೆ ಸೆಕೆಂಡಿಗೆ."

"ನಿಲ್ಲಸು ಇದನ್ನ."

ಅವಳು ಮೇಜಿನ ಮೇಲಿದ್ದ ಒಂದು ಕಾಗದವನ್ನು ಅವನ ಕಡೆಗೆ ಸರಿಸಿದಳು. ಹಾಲಿನ ಕಂಪನಿಯಿಂದ ಬಂದದ್ದು. ಯಲಿಗಾರ ತೋಳಿನ ವೈದ್ಯರು ಎರಡು ವರ್ಷದಲ್ಲಿ ಅರವತ್ತು ಸಾವಿರ ದನ ನೋಡಿದ್ದಾರೆ. ಮೊದಲು ವರ್ಷಕ್ಕೆ ಎಂಬತ್ತು ತೊಂಬತ್ತು ಕ್ಷಯದ ಅನುಮಾನಗಳು ಬರುತ್ತಿದ್ದವು, ಈ ಎರಡು ವರ್ಷದಲ್ಲಿ ಒಂದೂ ಬಂದಿಲ್ಲ. ಇಂಥ ಕೈಗಳು ಇನ್ನೂ ನಾನೂರು ಬೇಕು ಎಂದು ಅದರಲ್ಲಿ ಬರೆದಿತ್ತು.

"ರೋಗ ಕಡಿಮಿ ಆತು ಅಂತ ನಾನು ಪೇಢಾ ಹಂಚಿದೆ," ಅಂದಳು ಅನಸೂಯಾ. ಅವಳ ದನಿ ಸಣ್ಣದಾಗಿತ್ತು.

"ರೋಗ ಎಲ್ಲಿ ಕಡಿಮಿ ಆತು? ಹುಡುಕೋ ಕೈ ಕಡಿಮಿ ಆದವು."

"ನಾನೂರು ಚೀಲ ತಯಾರಾಗ್ಯಾವ. ಮುಂದಿನ ಸೋಮವಾರ ಏಳು ಕಾಲೇಜಿಗೆ ಹೊಂಡತಾವ. ಅವು ಈಗ ನನ್ನ ಕೈಯಾಗ ಇಲ್ಲ, ಕಂಪನಿಗೆ ಬರೆದು ಕೊಟ್ಟಾಗೈತಿ. ನಾನು ಪತ್ರ ಬರೀತೀನಿ. ಆದ್ರ ಬರೀ ಪತ್ರದಿಂದ ಆಗೂದಿಲ್ಲ, ಬದಲಿ ಕೊಡಬೇಕು. ನೀ ಇನ್ನೊಮ್ಮೆ ತೋಳು ಕೊಡು. ಈ ಸಲ ಆ ಮೂಲಿಗೂ ಹೋಗು. ಅದೊಂದು ತುಂಡು ಸೇರಿಸಿದ್ರ ಸಾಕು, ಬ್ಯಾರೇದವರ ತುಂಡು ನಿನ್ನ ತೋಳಿಗೆ ಹೊಂದೂದಿಲ್ಲ."

ಕಾಲೇಜಿನ ಹಿಂದೆ, ಕಂಪೌಂಡಿನ ಮೂಲೆಯಲ್ಲಿ, ಪಾಠಕ್ಕೆಂದು ರೋಗದ ಆಕಳೊಂದನ್ನು ಬೇರೆಯಾಗಿ ಕಟ್ಟಿದ್ದರು. ಚನ್ನಬಸಪ್ಪ ತೋಳುಚೀಲ ತೊಟ್ಟು, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು, ಅದರ ಹಿಂದೆ ನಿಂತ. ಅನಸೂಯಾ ಕೈಯಲ್ಲಿ ಚಿಕ್ಕ ಪರದೆ ಹಿಡಿದು ಪಕ್ಕದಲ್ಲಿ ನಿಂತಳು. ಗಂಟು ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು. ಎಷ್ಟು ದೊಡ್ಡದು ಅಂತ ಕಡತದಲ್ಲಿ ಬರೆದಿತ್ತು. ಕೈ ಒಳಗೆ ಹೋಯಿತು, ಗರ್ಭದ ಚೀಲವನ್ನು ಸವರಿತು, ಮುಂದೆ ಸಾಗಿತು, ಹೊರಳಿ ಬಂತು.

"ಇನ್ನೊಮ್ಮೆ," ಅಂದಳು ಅನಸೂಯಾ.

ಇನ್ನೊಮ್ಮೆ. ಮತ್ತೊಮ್ಮೆ. ಆಕಳಿಗೇ ಸಾಕಾಗಿ ಒದೆಯತೊಡಗಿತು. ಚನ್ನಬಸಪ್ಪನ ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಗುತ್ತಿತ್ತು.

"ಹೋಗು ಅಂತ ಹೇಳು ಅದಕ್ಕ."

"ಹೇಳಾಕತ್ತೀನಿ ಅನಸೂಯಾ. ಹೋಗವಲ್ದು."

ಒಂದು ಸಲ ಅವನು ಬಲಗೈಯಿಂದ ಎಡತೋಳನ್ನು ಹಿಡಿದು ಬಲವಂತವಾಗಿ ಆ ಕಡೆಗೆ ದಬ್ಬಿದ. ಬೆರಳು ಗಂಟಿನ ಮೇಲೆಯೇ ಇತ್ತು, ಅದು ಪರದೆಯಲ್ಲಿ ಕಾಣುತ್ತಿತ್ತು. ಆದರೆ ಕೈಗೆ ತಿಳಿದದ್ದನ್ನು ತೋರಿಸುವ ಕುತ್ತಿಗೆಯ ಪಟ್ಟಿಯ ಗೆರೆ ಮಾತ್ರ ಏನನ್ನೂ ಮುಟ್ಟಿಲ್ಲ ಅಂತ ಸಪಾಟಾಗಿ ಮಲಗಿತ್ತು.

ಅನಸೂಯಾ ಪತ್ರ ಬರೆದಳು. ಮೂರು ದಿನಕ್ಕೆ ಉತ್ತರ ಬಂತು. ತೋಳಿನ ಮೇಲೆ ಈ ತನಕ ಯಾರ ದೂರೂ ಬಂದಿಲ್ಲ, ಚೀಲಗಳು ಸೋಮವಾರವೇ ಹೊರಡುತ್ತವೆ ಅಂತ.

ಹಸೀನಾಳಿಗೆ ನೌಕರಿಯ ಆದೇಶ ಬಂದ ದಿನವೇ ಚನ್ನಬಸಪ್ಪ ಅವಳಿಗೆ ಹೇಳಿದ. ಅವಳು ಆದೇಶವನ್ನು ತೋರಿಸಲು ಓಡಿ ಬಂದಿದ್ದಳು. ತಾಯಿ ಮನೆ ಮನೆಗೆ ಹೋಗಿ ಕೌದಿ ಹೊಲಿದು ಓದಿಸಿದ್ದಳು. ನದಾಫರ ಓಣಿಯಲ್ಲಿ ಡಾಕ್ಟರಾದವಳು ಅವಳೊಬ್ಬಳೇ. ಒಂದನೆಯ ತಾರೀಖಿಗೆ ಹಾಜರಾಗಬೇಕು. ಚನ್ನಬಸಪ್ಪ ಮಾತು ಮುಗಿಸಿದ ಮೇಲೆ ಅವಳು ನಳದ ಹತ್ತಿರ ಹೋಗಿ ಎಡಗೈ ತೊಳೆದುಕೊಂಡಳು. ಕೈ ಕೊಳೆಯಾಗಿರಲಿಲ್ಲ. ಆದರೂ ಬಹಳ ಹೊತ್ತು ತೊಳೆದಳು.

"ಸರ್, ನನ್ನ ಕೈಯಾಗ ನೀವು ಏನು ಇಟ್ರಿ?"

ಅವನು ಹೋಗಿ ನಳ ನಿಲ್ಲಿಸಿದ. ಅವಳೇ ಮುಂದುವರಿಸಿದಳು.

"ಮೊದಲ ಹೇಳಿದ್ರ ಕಪಾಟಿನ್ಯಾಗಿನ ಗುರುಲಿಂಗಪ್ಪನವರ ತೋಳು ತಗೋತಿದ್ದೆ. ಹಳೇ ಮಂದಿ, ನಿಧಾನ. ನೌಕರಿ ಸಿಗ್ತಿರಲಿಲ್ಲ, ಹೋಗ್ಲಿ." ಅವಳು ಓಢಣಿಯಿಂದ ಕೈ ಒರೆಸಿಕೊಂಡಳು. ಆಮೇಲೆ, "ಬಲಗೈ ಐತಲ್ರಿ ಸರ್," ಅಂದಳು. "ಇದಕ್ಕ ಯಾರೂ ಏನೂ ಕಲಿಸಿಲ್ಲ. ನೀವು ಬಾಯಿಲೆ ಹೇಳ್ರಿ. ನಾ ಇದರಿಂದ ಕಲೀತೀನಿ."

ಅನಸೂಯಾಳಿಗೆ ಇದನ್ನು ಹೇಳಿದಾಗ ಅವಳು ಸಂತೋಷಪಡಲಿಲ್ಲ. ಎರಡೂ ಕೈಗೆ ಮಿದುಳು ಒಂದೇ, ಒಂದು ಕೈ ಕಲಿತದ್ದು ತಿಳಿಯದ ಹಾಗೆ ಇನ್ನೊಂದಕ್ಕೆ ಜಿನುಗುತ್ತದೆ, ಕೆಲಸ ಹೆಚ್ಚಾದಷ್ಟೂ ಬೇಗ ಜಿನುಗುತ್ತದೆ ಅಂದಳು. "ಎಂಟು ದಿನ ಸಿಗಬಹುದು, ಹದಿನೈದು ಸಿಗಬಹುದು. ಬ್ಯಾರೇದವರ ತೋಳು ತೊಡಿಸಾಕ ಇಪ್ಪತ್ತೊಂದು ದಿನ ಬೇಕು, ಅಷ್ಟು ಹೊತ್ತಿಲ್ಲ. ಲಗೂನ ಏನರ ಹುಡುಕಿ ಬರೆದು ಕೊಡ್ರಿ. ಒಂದ ದನ ಸಿಕ್ಕರೂ ಸಾಕು, ದೂರು ಅಂತ ಆಗತೈತಿ. ಆಗ ಕಂಪನಿ ಚೀಲ ತಡೀಬೇಕಾಗತೈತಿ, ಹೊಂಟಿದ್ರೂ ತಿರುಗಿ ತರಿಸಬೇಕಾಗತೈತಿ."

ಕಾಲೇಜಿನಿಂದ ಎರಡು ಹರದಾರಿಯಾಚೆ ರತ್ನವ್ವ ಅನ್ನುವ ಹೆಂಗಸಿನ ಮನೆಯಲ್ಲಿ ಒಂದು ಕೆಂಪು ಆಕಳು ಒಂದು ವರ್ಷದಿಂದ ಗಬ್ಬ ನಿಲ್ಲದೆ ಸೊರಗುತ್ತಿತ್ತು. ಹಸೀನಾ ಅದಕ್ಕೆ ಬಲಗೈ ಹಾಕಿದಳು. ಕೈಗೆ ಏನೂ ತಿಳಿಯದು. ಕುರುಡರು ಹೊಸ ಮನೆ ಹೊಕ್ಕಂತೆ ತಡವರಿಸಿತು. ಚನ್ನಬಸಪ್ಪ ಹೊರಗೆ ನಿಂತು, ಈಗ ಕೆಳಗೆ ಒತ್ತು, ಈಗ ಎಡಕ್ಕೆ, ಅದು ಬಿಡು, ಅದು ಮೂತ್ರದ ಚೀಲ, ಮುಂದೆ ಹೋಗು ಅನ್ನುತ್ತಿದ್ದ. ಹದಿನೈದು ನಿಮಿಷವಾಯಿತು.

"ಏನವ್ವಾ ಡಾಕ್ಟ್ರವ್ವಾ, ಒಳಗ ಬಳಿ ಏನರ ಕಳಕೊಂಡೀಯೇನು?" ಅಂದಳು ರತ್ನವ್ವ. "ನಮ್ಮ ಆಕಳಿಗೆ ನಾಚಿಕಿ ಬಂದೈತಿ ನೋಡು."

ಹಸೀನಾ ನಗಲಿಲ್ಲ. ಅವಳ ಕಣ್ಣು ಒಮ್ಮೆಲೇ ಅಗಲವಾಯಿತು. "ಸರ್! ಐತಿ. ಗ್ವಾಡಿಗೆ ಹತ್ತಿಕೊಂಡು. ನಿಂಬಿಹಣ್ಣಿನಷ್ಟು. ಅಳ್ಳಾಡವಲ್ದು."

ಕೈ ಹೊರತೆಗೆದವಳೇ ತೊಳೆದುಕೊಳ್ಳುವುದಕ್ಕೂ ಮೊದಲು ನೋಟ್‌ಬುಕ್ಕಿನಲ್ಲಿ ಬರೆದಳು. ತಾರೀಖು, ಹೊತ್ತು, ಗಂಟಿನ ಅಳತೆ. ವಿದ್ಯಾರ್ಥಿಯ ಅನುಮಾನ ನಡೆಯಬೇಕಾದರೆ ಹತ್ತು ದಿನದ ಅಂತರದಲ್ಲಿ ಎರಡು ಸಲ ಸಿಗಬೇಕು ಅನ್ನುವುದು ನಿಯಮ. ಆ ಹತ್ತು ದಿನ ಅವಳು ಕಾಲೇಜಿನ ದನಗಳ ಮೇಲೆ ಬಲಗೈಯನ್ನು ಪಳಗಿಸಿದಳು. ಕೈ ಚುರುಕಾಗುತ್ತ ಬಂತು. ಹದಿನೈದು ನಿಮಿಷ ಹತ್ತಾಯಿತು, ನಾಲ್ಕಾಯಿತು, ಒಂದೂವರೆಯಾಯಿತು. ಅಷ್ಟು ಬೇಗ ಕಲಿಯುವುದನ್ನು ನೋಡಿ ಚನ್ನಬಸಪ್ಪನಿಗೆ ಅನಸೂಯಾ ಹೇಳಿದ ಜಿನುಗು ನೆನಪಾಗುತ್ತಿತ್ತು. ಈ ನಡುವೆ ಸೋಮವಾರ ಬಂದು ಹೋಯಿತು. ನಾನೂರು ಚೀಲ ಲಾರಿ ಹತ್ತಿದವು.

ಹನ್ನೊಂದನೆಯ ದಿನ ರತ್ನವ್ವನ ಕೊಟ್ಟಿಗೆಯಲ್ಲಿ ಹಸೀನಾ ಮತ್ತೆ ಬಲಗೈ ಹಾಕಿದಳು. ಐವತ್ತು ಸೆಕೆಂಡಿಗೆ ಕೈ ಹೊರಗೆ ಬಂತು.

"ಏನಿಲ್ಲ ಸರ್," ಅಂದಳು. ಅಂದವಳು ತನ್ನ ಮಾತಿಗೆ ತಾನೇ ಹೆದರಿ ಅವನ ಮುಖ ನೋಡಿದಳು. ಮತ್ತೊಮ್ಮೆ ಹಾಕಿದಳು. ಏನೂ ಇಲ್ಲ. ನೋಟ್‌ಬುಕ್ಕು ತೆಗೆದು ತನ್ನದೇ ಅಕ್ಷರವನ್ನು ಓದಿದಳು. "ಇದು ನಾನ ಬರೆದದ್ದಲ್ರಿ? ನಿಂಬಿಹಣ್ಣಿನಷ್ಟು ಅಂತ ಬರದೀನಿ. ಈಗ ನುಣ್ಣಗ ಐತಿ. ಸರ್, ಐತೋ ಇಲ್ಲೋ? ನೀವರ ಹೇಳ್ರಿ."

"ನನಗ ಹೆಂಗ ಗೊತ್ತಾಗಬೇಕವ್ವಾ?" ಅಂದ ಚನ್ನಬಸಪ್ಪ.

ಹಸೀನಾ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಅನುಮಾನದ ಅರ್ಜಿ ತುಂಬಿದಳು. 'ವೈದ್ಯರ ಕೈಗೆ ಕಂಡದ್ದು' ಅನ್ನುವ ಜಾಗದಲ್ಲಿ ಬಹಳ ಹೊತ್ತು ಪೆನ್ನು ನಿಂತಿತು. ಆಮೇಲೆ ಬರೆದಳು: ಮೊದಲ ದಿನ ನನ್ನ ಬಲಗೈಗೆ ಗಂಟು ಸಿಕ್ಕಿದೆ. ಇವತ್ತು ಸಿಕ್ಕಿಲ್ಲ. ನಾನು ಮೊದಲ ದಿನದ ಕೈಯನ್ನು ನಂಬುತ್ತೇನೆ. ಯಲಿಗಾರ ತೋಳು ತೊಡದವರು ಯಾರಾದರೂ ಬಂದು ನೋಡಬೇಕು.

"ಇದನ್ನ ಕಳಿಸಿದ್ರ ನಿನ್ನ ಆದೇಶ ವಾಪಸ್ ಹೋಗತೈತಿ," ಅಂದ ಚನ್ನಬಸಪ್ಪ.

"ಗೊತ್ತೈತ್ರಿ," ಅಂದು ಅವಳು ಸಹಿ ಹಾಕಿದಳು. ಅವನು ಕಾಗದ ಇಸಿದುಕೊಂಡು ಅವಳ ಸಹಿಯ ಕೆಳಗೆ ತನ್ನದನ್ನೂ ಹಾಕಿ, ಕರೇಕೊಪ್ಪದ ಹೆಸರು, ಹತ್ತೊಂಬತ್ತು ವರ್ಷದ ಹಿಂದಿನ ತಾರೀಖು, ಮೂರು ಆಕಳು ಅಂತ ಬರೆದ.

ನಾಲ್ಕನೆಯ ದಿನ ಮುಂಜಾನೆ, ಹಾಲು ಕರೆಯುವ ಹೊತ್ತಿಗೆ, ಕಂಪನಿಯ ವೈದ್ಯ ಮೋಟರ್ ಸೈಕಲ್ ಮೇಲೆ ಬಂದ. ಪ್ರಭುದೇವ ಹಾದಿಮನಿ. ಹೋದ ವರ್ಷ ಇದೇ ಕಾಲೇಜಿನಿಂದ ಹೊರಬಿದ್ದವನು, ಯಲಿಗಾರ ತೋಳಿನವನೇ. ಚನ್ನಬಸಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಏನವ್ವಾ ಹಸೀನಾ, ನೌಕರಿ ಹಿಡಿಯೂಕಿಂತ ಮೊದಲ ಜಗಳ ತಗದೀಯಲ್ಲ!" ಅಂತ ನಕ್ಕ.

"ಬ್ಯಾರೇ ತೋಳಿನವರನ್ನ ಕಳಸ್ರಿ ಅಂತ ಬರದಿದ್ದೆ."

"ಎಲ್ಲದಾರ ಬ್ಯಾರೇದವರು? ಹಳಬರೆಲ್ಲ ನಿವೃತ್ತಿ ಆಗ್ಯಾರ. ಇಡೀ ಜಿಲ್ಲಾಕ್ಕ ನಾವ."

ಅವನು ತೋಳು ಮಡಚಿ ಕೆಂಪು ಆಕಳಿಗೆ ಎಡಗೈ ಹಾಕಿದ. ಚನ್ನಬಸಪ್ಪ ಮೊಳಕೈ ನೋಡಲಿಲ್ಲ, ನೆಲ ನೋಡಿದ. "ಗಬ್ಬ ಇಲ್ಲ. ಗಂಟೂ ಇಲ್ಲ. ಸ್ವಚ್ಛ ಐತಿ," ಅಂದ ಪ್ರಭುದೇವ.

ರತ್ನವ್ವನಿಗೆ ಹಗುರಾಯಿತು. "ಹಂಗಾದ್ರ ಹಾಲು ಕುಡಸಬಹುದಲ್ರಿ ಯಪ್ಪಾ? ಈಕಿ ಹೇಳಿದಾಗಿಂದ ಎದಿ ಒಡದಿತ್ತು. ಮೊಮ್ಮಗಳು ಸೊರಗ್ಯಾಳ. ಕಾಸಿದ್ರ ಸತ್ವ ಹೋಗತೈತಿ ಅಂತ ಕರೆದದ್ದ ಹಂಗ ನೊರಿಹಾಲು ಕುಡಸಾಕತ್ತಿದ್ದೆ. ಏ ಶಿವಲೀಲಾ, ಬಾರವ್ವಾ ಇಲ್ಲೆ, ಡಾಕ್ಟ್ರು ಬಂದಾರ."

ಎಂಟು ವರ್ಷದ ಹುಡುಗಿ ಕಣ್ಣುಜ್ಜುತ್ತ ಹೊರಗೆ ಬಂದಳು. ಅವಳ ಕೊರಳಿಗೆ ಒಂದು ಹಳೆಯ ಬಟ್ಟೆ ಸುತ್ತಿತ್ತು. ರತ್ನವ್ವ ಅದನ್ನು ಬಿಚ್ಚಿದಳು. ದವಡೆಯ ಕೆಳಗೆ ಎರಡು ಗಂಟು, ದೂರದಿಂದಲೇ ಕಾಣುವಷ್ಟು ಎದ್ದು ನಿಂತಿದ್ದವು.

"ದನದ ಡಾಕ್ಟ್ರಾದ್ರ ಏನಾತು, ಒಂದೀಟು ಮುಟ್ಟಿ ನೋಡ್ರಿ."

ಪ್ರಭುದೇವ ನಗುತ್ತಲೇ ಕೈ ಚಾಚಿದ. ಬೆರಳುಗಳು ಗಂಟಿನ ಅಂಚಿಗೆ ಬಂದವು, ಅಲ್ಲಿಂದ ನಯವಾಗಿ ಭುಜದ ಕಡೆಗೆ ಜಾರಿದವು. "ಏನಿಲ್ಲ ಬಿಡ್ರಿ..." ಅನ್ನುತ್ತ ಅವನ ಕಣ್ಣು ಅಲ್ಲೇ ನೆಟ್ಟವು. ಕಣ್ಣಿಗೆ ಗಂಟು ಕಾಣುತ್ತಿತ್ತು. ಮತ್ತೆ ಮುಟ್ಟಿದ. ಮತ್ತೆ ಜಾರಿತು. ಅವನ ಮುಖದ ನಗು ಮಾಸಿತು. ಹಸೀನಾ ಬಲಗೈ ಇಟ್ಟಳು. ಅದೂ ನಿಲ್ಲಲಿಲ್ಲ. ಅವಳು ಕೈಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು.

"ಕಣ್ಣ ಮುಂದ ಐತಿ, ಇಲ್ಲಂತೀರಲ್ರಿ!" ರತ್ನವ್ವ ಒಬ್ಬೊಬ್ಬರ ಮುಖ ನೋಡಿದಳು. "ನಿಮ್ಗ ಕೈ ಸತ್ತಾವೇನು?"

"ಹಾಲು ಚೆಲ್ಲವ್ವಾ," ಅಂದ ಚನ್ನಬಸಪ್ಪ. "ಈ ಕೂಸನ್ನ ಇವತ್ತ ದೊಡ್ಡ ದವಾಖಾನಿಗೆ ಕರಕೊಂಡು ಹೋಗು, ಹಾಲಿನಿಂದ ಬಂದ ಕ್ಷಯ ಅಂತ ಹೇಳು. ಇವರ ಕೈ ಸತ್ತಿಲ್ಲ. ಇವರ ಕೈಯಾಗ ಇರೂದು ನನ್ನ ಕೈ. ನಾ ಒಂದು ಸಲ ಸುಳ್ಳು ಹೇಳಿದ್ದೆ, ನಮ್ಮ ಅಕ್ಕನ ಮುಂದ. ಅಲ್ಲಿಂದ ಇದು ಖರೇ ಮುಟ್ಟವಲ್ದು."

ರತ್ನವ್ವನಿಗೆ ಮಾತು ಪೂರ್ತಿ ತಿಳಿಯಲಿಲ್ಲ. ಸಿಟ್ಟಿನಿಂದ ಅವಳು ಅವನ ಎಡಗೈಯನ್ನು ಹಿಡಿದೆಳೆದು ಮೊಮ್ಮಗಳ ಕೊರಳ ಮೇಲೆ ಇಟ್ಟಳು. ಕೈ ಜಾರಿತು. ಮತ್ತೆ ಇಟ್ಟಳು. ಆಗ ತನ್ನ ಎರಡೂ ಕೈಗಳನ್ನು ಅದರ ಮೇಲೆ ಒತ್ತಿ, ಕೆಸರಿನಲ್ಲಿ ಒದ್ದಾಡುವ ಕರುವನ್ನು ಅದುಮಿ ಹಿಡಿದಂತೆ ಹಿಡಿದಳು. ಅವಳ ಒರಟು ಅಂಗೈಗಳ ಕೆಳಗೆ ಆ ಕೈ ಬಿಡಿಸಿಕೊಳ್ಳಲು ತಿರುಚುತ್ತಿತ್ತು. ಚನ್ನಬಸಪ್ಪ ಅದು ಬೇರೆ ಯಾರದೋ ಎಂಬಂತೆ ಅದನ್ನು ನೋಡುತ್ತ ನಿಂತ.

"ಬಿಡಬ್ಯಾಡವ್ವಾ," ಅಂದ. "ಬಿಡಬ್ಯಾಡ."

ಓಣಿಯ ತುದಿಯಲ್ಲಿ ಕಂಪನಿಯ ಹಾಲಿನ ಗಾಡಿ ಹಾರ್ನ್ ಹಾಕಿತು. ಮನೆಮನೆಯ ಬಾಗಿಲು ತೆರೆದು ಹೆಂಗಸರು ತುಂಬಿದ ಕ್ಯಾನುಗಳನ್ನು ಸೊಂಟಕ್ಕೆ ಇಟ್ಟುಕೊಂಡು, ಒಬ್ಬರನ್ನೊಬ್ಬರು ಕೂಗಿ ಕರೆಯುತ್ತ, ಆ ಕಡೆಗೆ ಹೊರಟರು.